ತೆನೆ ಮುರಿದ ದಂಟು, ಬದುವಿನ ಸೊಪ್ಪು: ಮನೆಯಲ್ಲೇ ರಸಮೇವು

ಹಸಿ ತೆನೆ ಮಾರಾಟಕ್ಕೆ ಮುರಿದುಕೊಂಡ ಮೇಲೂ ಮುಸುಕಿನ ಜೋಳದ ದಂಟು ಹಸಿರಾಗಿಯೇ ನಿಂತಿರುತ್ತದೆ. ಅದನ್ನು ಸೌದೆಯಂತಾಗುವ ತನಕ ಹೊಲದಲ್ಲೇ ಬಿಟ್ಟು, ಏಪ್ರಿಲ್‌ ಬಂದಾಗ ದುಡ್ಡು ಕೊಟ್ಟು ಹುಲ್ಲು ತರುವುದು ನಮ್ಮ ರೂಢಿ. ತೆನೆ ಮುರಿದ ಎರಡು ಮೂರು ದಿನದೊಳಗೆ ಕೊಯ್ದು, ಬದುವಿನ ಮರಗಳ ಸೊಪ್ಪು ಸೇರಿಸಿ ಗಾಳಿಯಾಡದಂತೆ ಗುಂಡಿಗೆ ತುಂಬಿ ಹುಳಿ ಬರಿಸಿದರೆ ಅದೇ ರಸಮೇವು (ಸೈಲೇಜ್), ಬೇಸಿಗೆಯ ಮೇವು.

ಮೊದಲು ಲೆಕ್ಕ. ಎರಡು ಹಸುಗಳಿಗೆ ದಿನಕ್ಕೆ ತಲಾ 15 ಕೆ.ಜಿ.ಯಂತೆ 90 ದಿನಕ್ಕೆ 2,700 ಕೆ.ಜಿ. ಚೆನ್ನಾಗಿ ತುಳಿದ ಮೇವು ಒಂದು ಘನ ಅಡಿಗೆ ಸುಮಾರು 15 ಕೆ.ಜಿ. ಹಿಡಿಯುತ್ತದೆ. ಅಂದರೆ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಆಳದ ಗುಂಡಿ ಸಾಕು. ನೀರು ನಿಲ್ಲದ ದಿಬ್ಬದಲ್ಲಿ ತೋಡಿ, ಒಳಗೆ ದಪ್ಪ ಪ್ಲಾಸ್ಟಿಕ್ ಹಾಸಿ.

ಎಲ್ಲರೂ ಎಡವುವುದು ಸೊಪ್ಪಿನ ಪ್ರಮಾಣದಲ್ಲಿ. ಮೇವು ಕೆಡದಿರಲು ಹುಳಿಯಾಗಬೇಕು. ಹುಳಿಯಾಗಲು ಸಿಹಿ ಬೇಕು. ಆ ಸಿಹಿ ದಂಟಿನಲ್ಲಿದೆ, ಸೊಪ್ಪಿನಲ್ಲಿ ಕಡಿಮೆ. ಸೊಪ್ಪಿನಲ್ಲಿರುವುದು ಪ್ರೋಟೀನ್, ಅದು ಹುಳಿ ಏರುವುದನ್ನು ತಡೆಯುತ್ತದೆ. ನಾನು ಮೊದಲ ಸಲ ಆಸೆಗೆ ಬಿದ್ದು ಅರ್ಧಕ್ಕರ್ಧ ಸುಬಾಬುಲ್ ತುಂಬಿದ್ದೆ. ತೆರೆದರೆ ಕಪ್ಪು ಲೋಳೆ, ಹಸು ಮೂಗು ತಿರುಗಿಸಿತು. ಈಗ ಮೂರು ಪಾಲು ದಂಟಿಗೆ ಒಂದು ಪಾಲು ಸೊಪ್ಪು, ಅದಕ್ಕಿಂತ ಹೆಚ್ಚಿಲ್ಲ. ಸುಬಾಬುಲ್, ಚೊಗಚೆ, ನುಗ್ಗೆ, ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ಯಾವುದಾದರೂ ಆದೀತು. ಹಸಿಯಾಗಿ ಹಾಕಿದರೆ ವಾಸನೆಗೆ ಮುಟ್ಟದ ಗೊಬ್ಬರದ ಗಿಡದ ಸೊಪ್ಪನ್ನೂ ಹುಳಿ ಬಂದ ಮೇಲೆ ದನಗಳು ತಿನ್ನುತ್ತವೆ. ಕಣಗಿಲೆ, ಲಂಟಾನದ ಒಂದು ಕಡ್ಡಿಯೂ ಸೇರಬಾರದು. ಗುಂಡಿಯಲ್ಲಿಟ್ಟರೂ ಅವುಗಳ ವಿಷ ಹೋಗುವುದಿಲ್ಲ.

ದಂಟಿನ ಮೇವಿಗೆ ಯೂರಿಯಾ ಬೆರೆಸುವವರಿದ್ದಾರೆ. ಸೊಪ್ಪು ಹಾಕಿದವರಿಗೆ ಅದು ಬೇಡ, ಅಳತೆ ತಪ್ಪಿದರೆ ದನದ ಜೀವಕ್ಕೇ ಕುತ್ತು. ರಾಗಿ ಹುಲ್ಲೂ ಬೇಡ, ಅದು ಬಣವೆಯಲ್ಲೇ ಇರಲಿ. ಗುಂಡಿಯ ತಳದಲ್ಲಿ ಮಾತ್ರ, ನೀರು ಹೀರಲು, ನಾಲ್ಕು ಬೆರಳು ದಪ್ಪ ಹಾಸಿದರೆ ಸಾಕು. ಕಬ್ಬಿನ ಸೀಮೆಯವರು ದಂಟಿನ ಬದಲು ಹಸಿ ಸೋಗೆ ಬಳಸಬಹುದು.

ಕೊಯ್ದ ದಂಟು, ಸೊಪ್ಪು ಎರಡನ್ನೂ ಅರ್ಧ ದಿನ ಬಾಡಿಸಿ. ಯಂತ್ರದಲ್ಲಿ ಒಂದು ಅಂಗುಲಕ್ಕೆ ಕತ್ತರಿಸಿ, ಒಂದು ಹಿಡಿ ತೆಗೆದು ಅರ್ಧ ನಿಮಿಷ ಬಿಗಿಯಾಗಿ ಹಿಸುಕಿ. ಬೆರಳ ಸಂದಿಯಲ್ಲಿ ನೀರು ತೊಟ್ಟಿಕ್ಕಿದರೆ ಇನ್ನೂ ಬಾಡಬೇಕು. ಮುಷ್ಟಿ ಬಿಚ್ಚಿದಾಗ ಉಂಡೆ ನಿಧಾನವಾಗಿ ಬಿರಿದು, ಅಂಗೈ ಬರೀ ತೇವವಾಗಿದ್ದರೆ ಹದ. ತಕ್ಷಣ ಉದುರಿದರೆ ಒಣಗಿದೆ, ಸ್ವಲ್ಪ ನೀರು ಚಿಮುಕಿಸಿ.

ಟನ್ನಿಗೆ 10 ಕೆ.ಜಿ. ಬೆಲ್ಲ ಕರಗಿಸಿದ ನೀರು, 5 ಕೆ.ಜಿ. ಉಪ್ಪು. ಬೆಲ್ಲ ಅಂಗಡಿಯ ಚೆಂದದ ಅಚ್ಚೇ ಆಗಬೇಕಿಲ್ಲ, ಕರಗಿದ ಕರಿಬೆಲ್ಲ ನಡೆಯುತ್ತದೆ. ಅರ್ಧ ಅಡಿ ಮೇವು ಹರಡಿ, ಬೆಲ್ಲದ ನೀರು ಚಿಮುಕಿಸಿ, ತುಳಿಯಿರಿ. ಮೂಲೆಗಳನ್ನು ಇನ್ನಷ್ಟು ತುಳಿಯಿರಿ, ಗಾಳಿ ಅಡಗುವುದು ಅಲ್ಲೇ. ಮಕ್ಕಳನ್ನು ಇಳಿಸಿದರೆ ಕೆಲಸ ಆಟವಾಗುತ್ತದೆ, ಆದರೆ ಭಾರ ಸಾಲದು. ಮನೆಯಲ್ಲಿ ದಪ್ಪಗಿರುವವರನ್ನೇ ಕರೆಯಿರಿ. ಒಂದೇ ದಿನದಲ್ಲಿ ತುಂಬಿ ಮುಗಿಸಬೇಕು. ನೆಲದಿಂದ ಒಂದು ಅಡಿ ಎತ್ತರಕ್ಕೆ ಗುಮ್ಮಟದಂತೆ ಏರಿಸಿ, ಪ್ಲಾಸ್ಟಿಕ್ ಮುಚ್ಚಿ, ಮೇಲೆ ಮಣ್ಣು ಹೇರಿ. ಇಲಿ ಕೊರೆದ ತೂತು ಕಂಡ ದಿನವೇ ಮುಚ್ಚಿ.

45 ದಿನದ ನಂತರ ಒಂದು ತುದಿ ಮಾತ್ರ ತೆರೆಯಿರಿ. ಹಸಿರು ಕಲೆತ ಹಳದಿ ಬಣ್ಣ, ಹಣ್ಣಿನಂಥ ಹುಳಿ ವಾಸನೆ ಇದ್ದರೆ ಗೆದ್ದಿರಿ. ಕೊಳೆತ ಬೆಣ್ಣೆಯ ನಾತ ಬಂದರೆ, ಬೂಸ್ಟು ಕಂಡರೆ ಆ ಭಾಗ ತಿಪ್ಪೆಗೆ. ತೆರೆದ ಮುಖದಿಂದ ದಿನಾ ಆ ದಿನಕ್ಕೆ ಬೇಕಾದಷ್ಟನ್ನು ನೇರವಾಗಿ ಕೆತ್ತಿ ತೆಗೆದು ಮತ್ತೆ ಮುಚ್ಚಿ. ಹಸುವಿಗೆ 5 ಕೆ.ಜಿ.ಯಿಂದ ಶುರುಮಾಡಿ ವಾರದಲ್ಲಿ ಏರಿಸಿ, ಜೊತೆಗೆ ಒಣಹುಲ್ಲು ಇರಲಿ. ಎಳೆಗರುಗಳಿಗೆ ಬೇಡ. ಹಾಲು ಕರೆದ ಮೇಲೆಯೇ ಹಾಕಿ, ಇಲ್ಲವಾದರೆ ಬೆಳಗಿನ ಕಾಫಿಯಲ್ಲೂ ಗುಂಡಿಯ ವಾಸನೆ.