ನಮ್ಮ ಮಳೆ ಹಾಡಿಗೆ ರಾಯಲ್ಟಿ ಬಂದ ದಾರಿ

ನನ್ನ ಹಾಡುಗಳಿಂದ ಬರುವ ದುಡ್ಡಿನಲ್ಲಿ ಜಾಸ್ತಿ ಪಾಲು ನನ್ನ ಯೂಟ್ಯೂಬ್ ಚಾನೆಲ್‌ನದ್ದಲ್ಲ, ಬೇರೆಯವರ ವಿಡಿಯೊಗಳದ್ದು. ಮಳೆ ಶುರುವಾದ ಕೂಡಲೇ ಉಂಚಳ್ಳಿ ಜಲಪಾತ, ಯಾಣ, ದೇವಿಮನೆ ಘಟ್ಟ ಅಂತ ಜನ ಕ್ಯಾಮೆರಾ ಹಿಡಿದು ಹೊರಡುತ್ತಾರೆ. ಆ ವಿಡಿಯೊಗಳ ಹಿನ್ನೆಲೆಗೆ ನಮ್ಮ ಮಳೆ ಹಾಡು ಹಾಕುತ್ತಾರೆ. ಶಿರಸಿಯಂಥ ಊರಲ್ಲಿ ಕೂತು ಸ್ವಂತ ಹಾಡು ಮಾಡುವವರು ಈಗ ತುಂಬಾ ಜನ ಇದ್ದಾರೆ. ಅವರಿಗೆ ನಾನು ಹೇಳುವುದು ಒಂದೇ. ವ್ಯೂಸ್ ಎಷ್ಟಾಯಿತು ಅಂತ ನೋಡುವ ಮೊದಲು ಹಾಡು ಯಾರದ್ದು ಅನ್ನುವುದನ್ನು ದಾಖಲೆ ಮಾಡಿಡಿ. ದುಡ್ಡು ಆ ದಾಖಲೆ ಹುಡುಕಿಕೊಂಡೇ ಬರುತ್ತದೆ.

ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತವೆ. ಸಾಹಿತ್ಯ ಮತ್ತು ರಾಗದ್ದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ನಮ್ಮ ಕಡೆ ಅಡಿಕೆ ತೋಟ ಒಬ್ಬರದ್ದಾಗಿ, ಫಸಲು ಗುತ್ತಿಗೆ ಹಿಡಿದವರು ಇನ್ನೊಬ್ಬರು ಇರುತ್ತಾರಲ್ಲ, ಹಾಗೆ. ಮಳೆ ಹಾಡಿನ ಸಾಹಿತ್ಯ ನಮ್ಮೂರಿನ ಒಬ್ಬ ನಿವೃತ್ತ ಮೇಷ್ಟ್ರದ್ದು. ರಾಗ, ಹಾಡಿಕೆ ನನ್ನದು. ಗುಮಟೆ ಅಂದರೆ ಮಣ್ಣಿನ ಮಡಕೆಗೆ ಚರ್ಮ ಬಿಗಿದ ವಾದ್ಯ, ಅದನ್ನು ನುಡಿಸಿದವರು ಅಂಕೋಲಾ ಕಡೆಯವರು. ರೆಕಾರ್ಡಿಂಗ್ ಖರ್ಚು ನಾನೇ ಹಾಕಿದ್ದೆ.

ಹಾಡು ಅಪ್‌ಲೋಡ್ ಮಾಡುವ ಮೊದಲೇ ಮೂವರೂ ಕೂತು ಒಂದು ಹಾಳೆಯ ಕರಾರು ಮಾಡಿಕೊಂಡೆವು. "ಎಂತಕ್ಕೆ ತಮಾ ಕಾಗದ ಎಲ್ಲ? ನಂಬಿಕೆ ಇಲ್ಯಾ?" ಅಂದರು ಮೇಷ್ಟ್ರು. ನಂಬಿಕೆ ಇರುವಾಗಲೇ ಬರೆದಿಡುವುದು ಒಳ್ಳೆಯದು ಅಲ್ವಾ ಮೇಷ್ಟ್ರೇ, ನಾಳೆ ನಮ್ಮ ಮಕ್ಕಳು ಕೇಳಿದರೆ ಏನು ತೋರಿಸುವುದು ಅಂದೆ. ಸಾಹಿತ್ಯ ಮತ್ತು ರಾಗದ ರಾಯಲ್ಟಿಯಲ್ಲಿ ಅರ್ಧ ಅವರಿಗೆ, ಅರ್ಧ ನನಗೆ. ಧ್ವನಿಮುದ್ರಣದಿಂದ ಬಂದದ್ದರಲ್ಲಿ ಗುಮಟೆಯವರಿಗೆ ಒಂದು ಪಾಲು. ಹಾಡಿನ ಹೆಸರು, ರೆಕಾರ್ಡ್ ಆದ ತಾರೀಕು, ಮೂವರ ಸಹಿ. ಇಷ್ಟೇ ಆ ಹಾಳೆ. ಮುಂದೆ ಎಲ್ಲ ಕಡೆ ಉಪಯೋಗಕ್ಕೆ ಬಂದದ್ದು ಅದೇ.

ಚಾನೆಲ್‌ನ ಜಾಹೀರಾತು ದುಡ್ಡಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1000 ಚಂದಾದಾರರು, ಹಿಂದಿನ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಆದ ಮೇಲೆ ಜಾಹೀರಾತಿನ ಪಾಲಿಗೆ ಅರ್ಜಿ ಹಾಕಬಹುದು. ಉದ್ದದ ವಿಡಿಯೊಗೆ ಜಾಹೀರಾತಿನ 55 ಶೇಕಡ ನಮಗೆ. ಖಾತೆಯಲ್ಲಿ 10 ಡಾಲರ್ ಆದಾಗ ವಿಳಾಸ ಖಾತ್ರಿಗೆ ಪಿನ್ ಇರುವ ಕಾಗದ ಅಂಚೆಯಲ್ಲಿ ಬರುತ್ತದೆ. ಹಳ್ಳಿಯಲ್ಲಿ ಮನೆ ಇದ್ದವರು ಮೊದಲೇ ಪೋಸ್ಟ್‌ಮ್ಯಾನ್‌ಗೆ ಹೇಳಿಡಿ. 100 ಡಾಲರ್ ದಾಟಿದ ಮೇಲೆ ದುಡ್ಡು ಬ್ಯಾಂಕಿಗೆ. ಅಮೆರಿಕದ ತೆರಿಗೆ ಫಾರ್ಮ್ ಒಂದಿದೆ, ಅದನ್ನು ಬಿಡಬೇಡಿ. ಪ್ಯಾನ್ ನಂಬರ್ ಕೊಟ್ಟು ಭಾರತ-ಅಮೆರಿಕ ತೆರಿಗೆ ಒಪ್ಪಂದ ಆರಿಸಿದರೆ, ಅಮೆರಿಕದಲ್ಲಿ ನೋಡಿದವರಿಂದ ಬಂದ ಭಾಗಕ್ಕೆ ಮಾತ್ರ 15 ಶೇಕಡ ಹಿಡಿಯುತ್ತಾರೆ. ತುಂಬದೇ ಬಿಟ್ಟರೆ ಒಟ್ಟು ಗಳಿಕೆಯ 24 ಶೇಕಡದವರೆಗೂ ಹೋಗಬಹುದು. ನಮ್ಮ ಊರುಗಳಿಂದ ಅಲ್ಲಿಗೆ ಹೋದವರು ಬಹಳ ಜನ. ಮಳೆ ಹಾಡು ಕೇಳುವುದು ಅವರೇ ಜಾಸ್ತಿ.

ಇನ್ನು ಮುಖ್ಯ ವಿಷಯ, ಕಂಟೆಂಟ್ ಐಡಿ. 2007ರಿಂದ ಯೂಟ್ಯೂಬ್‌ನಲ್ಲಿ ಇರುವ ವ್ಯವಸ್ಥೆ ಇದು. ನಮ್ಮ ಹಾಡಿನ ಫೈಲ್ ಅವರ ಹತ್ತಿರ ಇರುತ್ತದೆ. ಯಾರಾದರೂ ವಿಡಿಯೊದಲ್ಲಿ ಆ ಧ್ವನಿ ಬಳಸಿದರೆ ಅದು ತಾನಾಗಿ ಗುರುತು ಹಿಡಿಯುತ್ತದೆ. ಆಗ ವಿಡಿಯೊ ತಡೆಯಬಹುದು, ಎಷ್ಟು ಜನ ನೋಡಿದರು ಅಂತ ಸುಮ್ನೆ ಲೆಕ್ಕ ನೋಡಬಹುದು, ಇಲ್ಲವೇ ಅದರ ಜಾಹೀರಾತು ದುಡ್ಡು ನಮಗೆ ಬರುವಂತೆ ಮಾಡಬಹುದು. ನಾನು ಆರಿಸಿದ್ದು ಮೂರನೆಯದು. ವಿಡಿಯೊ ಹಾಗೇ ಉಳಿಯಲಿ, ಹಾಡು ಇನ್ನಷ್ಟು ಜನರ ಕಿವಿಗೆ ಬೀಳಲಿ.

ಇದನ್ನು ನಮ್ಮಂಥ ಒಬ್ಬೊಬ್ಬರಿಗೆ ನೇರವಾಗಿ ಕೊಡುವುದಿಲ್ಲ. ವಿತರಕರ ಮೂಲಕ ಹೋಗಬೇಕು. ಹಾಡುಗಳನ್ನು ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್, ಇನ್‌ಸ್ಟಾಗ್ರಾಂಗಳಿಗೆ ತಲುಪಿಸುವ ಕಂಪನಿಗಳು ಇವು. ಕೆಲವರು ವರ್ಷಕ್ಕೆ ಇಷ್ಟು ಅಂತ ಫೀ ತೆಗೆದುಕೊಳ್ಳುತ್ತಾರೆ, ಕೆಲವರು ಗಳಿಕೆಯಲ್ಲಿ ಪಾಲು. ಕಂಟೆಂಟ್ ಐಡಿಗೆ ಬೇರೆಯೇ ದರ ಇರುವುದುಂಟು. ಸೇರುವ ಮೊದಲು ಆ ಒಂದು ಸಾಲು ಹುಡುಕಿ ಓದಿ. ಅವರು ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಅನ್ನುವ 12 ಅಕ್ಷರ-ಅಂಕಿಗಳ ಗುರುತು ಕೊಡುತ್ತಾರೆ. ಅದನ್ನು ಕರಾರಿನ ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ದುಡ್ಡಿನ ಲೆಕ್ಕ ಎಲ್ಲಿಂದ ಬಂದರೂ ಅದರಲ್ಲೇ ತಾಳೆ ನೋಡಬಹುದು.

ಇಲ್ಲಿ ಒಂದು ಕಟ್ಟುನಿಟ್ಟಿನ ಷರತ್ತು ಇದೆ. ಕಂಟೆಂಟ್ ಐಡಿಗೆ ಕೊಡುವ ಧ್ವನಿ ಪೂರ್ತಿ ನಿಮ್ಮದೇ ಆಗಿರಬೇಕು. ಆ್ಯಪ್‌ನಲ್ಲಿ ಸಿಗುವ ರೆಡಿಮೇಡ್ ತಾಳದ ಲೂಪ್, ತಂಬೂರಿ ಧ್ವನಿ ನಮ್ಮ ಹಾಗೆಯೇ ಸಾವಿರಾರು ಜನ ಬಳಸುತ್ತಿರುತ್ತಾರೆ. ಅದನ್ನು ನಮ್ಮದು ಅಂತ ಕೊಟ್ಟರೆ ಇನ್ಯಾರದ್ದೋ ಹಾಡಿನ ದುಡ್ಡು ನಮಗೆ ಬರುತ್ತದೆ. ಅದು ತಪ್ಪು. ನಾವು ಲೂಪ್ ಬಿಟ್ಟು ಗುಮಟೆಯನ್ನೇ ಹಿಡಿದದ್ದಕ್ಕೆ ಇದೂ ಒಂದು ಕಾರಣ. ಹೆಂಚಿನ ಮನೆ, ಮಳೆಗಾಲದಲ್ಲಿ ಮೈಕ್ ಇಟ್ಟರೆ ಮಳೆಯದ್ದೇ ಸದ್ದು. ಹಾಗಾಗಿ ಮಳೆ ಹಾಡನ್ನು ರೆಕಾರ್ಡ್ ಮಾಡಿದ್ದು ಬೇಸಿಗೆಯಲ್ಲಿ, ರಾತ್ರಿ ಫ್ಯಾನ್ ನಿಲ್ಲಿಸಿಕೊಂಡು. ಗುಮಟೆಯ ಚರ್ಮದ ಮೇಲೆ ಬೆರಳು ಬೀಳುವ ಸದ್ದು ಅದರಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಆ ಸದ್ದು ಬೇರೆ ಯಾರ ರೆಕಾರ್ಡಿನಲ್ಲೂ ಇಲ್ಲ.

ಇನ್ನೊಂದು ಹಾಡಿನ ಮೇಲೆ, ನನ್ನದೇ ಚಾನೆಲ್‌ನಲ್ಲಿ, ಎಲ್ಲಿಯದೋ ಒಂದು ಸಂಸ್ಥೆ ಈ ಧ್ವನಿ ತನ್ನದು ಅಂತ ಕ್ಲೇಮ್ ಹಾಕಿತ್ತು. ಬೇಜಾರಾಯಿತು, ಸಿಟ್ಟೂ ಬಂತು. ಇಂಥದ್ದಾದರೆ ಹೆದರಬೇಡಿ. ಕ್ಲೇಮ್ ಬೇರೆ, ಚಾನೆಲ್ ಮೇಲೆಯೇ ಬೀಳುವ ಎಚ್ಚರಿಕೆಯಾದ ಸ್ಟ್ರೈಕ್ ಬೇರೆ. ಕ್ಲೇಮ್‌ನಿಂದ ಚಾನೆಲ್ ಹೋಗುವುದಿಲ್ಲ. ಆದರೆ ತಡ ಮಾಡಬೇಡಿ. 5 ದಿನದೊಳಗೆ ತಕರಾರು ಹಾಕಿದರೆ ಮೊದಲ ದಿನದಿಂದಲೇ ದುಡ್ಡನ್ನು ಯಾರಿಗೂ ಕೊಡದೆ ಹಿಡಿದಿಡುತ್ತಾರೆ. ಎದುರಿನವರು 30 ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಹಾಡು ಮಾಡಿದ್ದು ಯಾರು, ನುಡಿಸಿದ್ದು ಯಾರು, ಯಾವ ತಾರೀಕಿಗೆ ಅಂತ ಆ ಹಾಡಿನ ಕರಾರಿನ ಹಾಳೆ ನೋಡಿಕೊಂಡು ಬರೆದೆ. ಕ್ಲೇಮ್ ತೆಗೆದರು.

ಇಷ್ಟೂ ಧ್ವನಿಮುದ್ರಣದ ದುಡ್ಡು. ಸಾಹಿತ್ಯ, ರಾಗದ ಪಾಲು ಬೇರೆ ಬಾಗಿಲಿನಿಂದ ಬರುತ್ತದೆ. ಅದಕ್ಕೆ ಮುಂಬೈನ ಐಪಿಆರ್‌ಎಸ್ ಇದೆ, ಕವಿಗಳ ಮತ್ತು ಸಂಯೋಜಕರ ರಾಯಲ್ಟಿ ವಸೂಲು ಮಾಡಿ ಹಂಚುವ, 1969ರಲ್ಲಿ ಶುರುವಾದ ಸಂಸ್ಥೆ. ಮೇಷ್ಟ್ರು ಕವಿ ಅಂತ, ನಾನು ಸಂಗೀತ ಸಂಯೋಜಕ ಅಂತ ಬೇರೆ ಬೇರೆ ಸದಸ್ಯರಾದೆವು. ಸದಸ್ಯರಾದರೆ ಸಾಲದು. ಪ್ರತಿ ಹಾಡನ್ನೂ ಪಾಲಿನ ಲೆಕ್ಕದ ಜೊತೆ ನೋಂದಾಯಿಸಬೇಕು. ಸುಮಾರು ಜನ ಇಲ್ಲೇ ನಿಂತುಬಿಡುತ್ತಾರೆ. 2012ರ ಕೃತಿಸ್ವಾಮ್ಯ ತಿದ್ದುಪಡಿ ಬಂದ ಮೇಲೆ ಸಿನಿಮಾ ಹಾಡಿನ ಕವಿಯೂ ತನ್ನ ರಾಯಲ್ಟಿ ಪಾಲನ್ನು ನಿರ್ಮಾಪಕರಿಗೆ ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ, ಇಲ್ಲವೇ ಇಂಥ ಸೊಸೈಟಿಗೆ ಮಾತ್ರ ವಹಿಸಬಹುದು. ಕಾಗದ ಎಂತಕ್ಕೆ ಅಂದ ಮೇಷ್ಟ್ರು ಈಗ ಹೊಸ ಪದ ಬರೆದರೆ ಮೊದಲು ಕೇಳುವುದೇ ನೋಂದಣಿ ಆಯ್ತಾ ಅಂತ.

ಜನಪದದ ವಿಷಯದಲ್ಲಿ ಮಾತ್ರ ನನ್ನ ನಿಲುವು ಗಟ್ಟಿ. ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಸುಗ್ಗಿ ಪದ, ಗುಮಟೆ ಪದ ಯಾರೋ ಒಬ್ಬರು ಕಟ್ಟಿದ್ದಲ್ಲ. 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ ಅವರಂಥವರು ನೆನಪಿನಲ್ಲೇ ಕಾಪಾಡಿಕೊಂಡು ಬಂದದ್ದು. ಅಂಥ ಪದ ರೆಕಾರ್ಡ್ ಮಾಡಿದರೆ ಸಂಯೋಜಕರ ಜಾಗದಲ್ಲಿ ಸಾಂಪ್ರದಾಯಿಕ ಅಂತಲೇ ಹಾಕುತ್ತೇನೆ, ನನ್ನ ಹೆಸರು ಹಾಕುವುದಿಲ್ಲ. ಕಂಟೆಂಟ್ ಐಡಿಗೂ ಕೊಡುವುದಿಲ್ಲ. ಕೊಟ್ಟರೆ ನಾಳೆ ಅದೇ ಕೇರಿಯ ಹುಡುಗಿ ತನ್ನ ಅಜ್ಜಿಯ ಪದ ಹಾಡಿ ಹಾಕಿದಾಗ ಅವಳ ವಿಡಿಯೊಗೆ ನನ್ನ ಹೆಸರಿನಲ್ಲಿ ಕ್ಲೇಮ್ ಬೀಳುವ ಸಾಧ್ಯತೆ ಇದೆ. ಹಾಡಿದವರಿಗೆ ಅವತ್ತೇ ಸಂಭಾವನೆ ಕೊಟ್ಟು, ಗಳಿಕೆಯಲ್ಲೂ ಪಾಲು ಬರೆದುಕೊಡುತ್ತೇನೆ.

ದುಡ್ಡು ಬರುವುದು ನಿಧಾನ. ಜುಲೈನ ಜಲಪಾತದ ವಿಡಿಯೊಗಳ ಲೆಕ್ಕ ವಿತರಕರಿಂದ ನನಗೆ ಸಿಗುವಾಗ ದೀಪಾವಳಿ ಹತ್ತಿರ ಬಂದಿರುತ್ತದೆ. ಯೂಟ್ಯೂಬ್‌ನ ಚಿಕ್ಕ ವಿಡಿಯೊಗಳಾದ ಶಾರ್ಟ್ಸ್‌ನಲ್ಲಿ ಒಬ್ಬೊಬ್ಬರ ವಿಡಿಯೊದಿಂದ ಬರುವುದು ಪೈಸೆ ಲೆಕ್ಕ. ಆದರೂ ಒಂದೇ ಹಾಡು ಬಳಸಿದ ಶಾರ್ಟ್ಸ್ ಆದರೆ ಅದರ ಗಳಿಕೆಯ ಅರ್ಧ ಭಾಗವನ್ನು ಸಂಗೀತಕ್ಕೆ ಅಂತ ತೆಗೆದಿಡುತ್ತಾರೆ. ನೂರಾರು ಜನ ಬಳಸಿದಾಗ ಅದೂ ಕೂಡುತ್ತದೆ.

ಮದುವೆ ವಿಡಿಯೊ ಮಾಡುವ ಸ್ಟುಡಿಯೊದವರು ಆಗಾಗ ಫೋನ್ ಮಾಡುತ್ತಾರೆ, ಅಣ್ಣಾ ನಿಮ್ಮ ಹಾಡು ಹಾಕಿದ್ದಕ್ಕೆ ಕ್ಲೇಮ್ ಬಂತು ಅಂತ. ಮುಂಚೆ ಕೇಳಿದವರ ಚಾನೆಲ್ ಹೆಸರನ್ನು ವಿತರಕರಿಗೆ ಕಳಿಸಿ ಕ್ಲೇಮ್ ಬೀಳದಂತೆ ಬಿಡಿಸಿಕೊಡುತ್ತೇನೆ. ಹೋದ ಜಾತ್ರೆಯ ಹೊತ್ತಿಗೆ ಅವರಲ್ಲೊಬ್ಬರು ತಮ್ಮ ಜಾಹೀರಾತಿಗೆ ಒಂದು ಹೊಸ ರಾಗ ಮಾಡಿಕೊಡಿ ಅಂತ ಮುಂಗಡವನ್ನೇ ಕೊಟ್ಟು ಹೋದರು.