ಮಲೆನಾಡಿನ ಸಭೇಲಿ ಬೆಳೆ ಹಬ್ಬ ಮಾಡೋದು ಹೇಗೆ: ಸೆಪ್ಟೆಂಬರ್‌ನಿಂದ ಅಡ್ವೆಂಟ್‌ವರೆಗೆ

ನಮ್ಮ ಶಿವಮೊಗ್ಗ ಕಡೆ ಸುಮಾರು ಕ್ರೈಸ್ತ ಸಭೆಗಳಲ್ಲಿ ಬೆಳೆ ಹಬ್ಬದ, ಅಂದ್ರೆ ಫಸಲಿಗೋಸ್ಕರ ದೇವರಿಗೆ ಸ್ತೋತ್ರ ಹೇಳೋ ಹಬ್ಬದ, ತಯಾರಿ ಶುರುವಾಗೋದೇ ಹಿಂದಿನ ಶನಿವಾರ ಸಂಜೆ. ಯಾರೋ ಒಬ್ರು ಬಾಳೆಗೊನೆ ತರ್ತಾರೆ, ಯುವಜನ ಕೂಟದವರು ಗಾಂಧಿಬಜಾರಿಂದ ಚೆಂಡು ಹೂ ತಂದು ಕಟ್ತಾರೆ, ಭಾನುವಾರ ಆರಾಧನೆ ಮುಗೀತಿದ್ದಂಗೆ ಜನ ತಂದುಕೊಟ್ಟಿದ್ದರ ಹರಾಜು, ಊಟ, ಆಮೇಲೆ ಎಲ್ರೂ ಮನೆಗೆ. ದುಡ್ಡೇನೋ ಸೇರತ್ತೆ, ಆದ್ರೆ ದೇವರಿಗೆ ಸ್ತೋತ್ರ ಹೇಳೋದಕ್ಕೆ ಅಂತ ಬಂದವರ ಮನಸ್ಸೆಲ್ಲ ಹರಾಜಿನ ಮೇಲೇ ಇರತ್ತೆ. ಕಮಿಟಿಗೆ ಹೊಸದಾಗಿ ಬಂದಿರೋರು, ಸ್ತ್ರೀಯರ ಅನ್ಯೋನ್ಯ ಕೂಟದವರು, ಸಂಡೇ ಸ್ಕೂಲ್ ಟೀಚರ್‌ಗಳು ಇದನ್ನ ಓದಿ ಈ ಸಲ ಸ್ವಲ್ಪ ಬೇರೆ ಥರ ಮಾಡ್ಲಿ ಅನ್ನೋ ಆಸೆಯಿಂದ ಬರೀತಿದೀನಿ. ತೋಟ ಇರೋರು, ಇಲ್ಲದೋರು, ಬೆಳೆ ಬಂದೋರು, ಹೋದೋರು ಎಲ್ರೂ ಕೈಯಲ್ಲಿ ಏನಾದ್ರೂ ಹಿಡ್ಕೊಂಡು ಪೀಠದ ತನಕ ಬರೋ ಹಾಗಿರ್ಬೇಕು, ಅಲ್ಲಿಂದ ಅದು ಇಲ್ಲದವರ ಮನೆಗೆ ಹೋಗ್ಬೇಕು. ಉಳಿದದ್ದೆಲ್ಲ ಅದಕ್ಕೆ ಬೇಕಾದ ಏರ್ಪಾಡು ಅಷ್ಟೇ.

ಮೊದ್ಲು ತಾರೀಕು ನೋಡಿ. ಈ ಹಬ್ಬದ ಈಗಿನ ರೂಪ ಇಂಗ್ಲೆಂಡಿಂದ ಬಂದಿದ್ದು, 1843ರ ಅಕ್ಟೋಬರ್ 1ಕ್ಕೆ ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೋ ಅನ್ನೋ ಊರಲ್ಲಿ ರಾಬರ್ಟ್ ಸ್ಟೀಫನ್ ಹಾಕರ್ ಅನ್ನೋ ಪಾದ್ರಿ ಜನರನ್ನ ಕರೆದು ಹೊಸ ಫಸಲಿನ ರೊಟ್ಟೀಲೇ ಕರ್ತನ ರಾತ್ರಿಭೋಜನ ಕೊಟ್ರು, ಅಲ್ಲಿಂದ ಇದು ಆಂಗ್ಲಿಕನ್, ಅಂದ್ರೆ ಇಂಗ್ಲೆಂಡಿನ ಸಭೆಯ ಪರಂಪರೆಯ, ಸಭೆಗಳಲ್ಲೆಲ್ಲ ಹರಡ್ತು. ಅಮೆರಿಕದ ಆಂಗ್ಲಿಕನ್ನರಾದ ಎಪಿಸ್ಕೋಪಲ್ ಸಭೆಯವರು ಇನ್ನೂ ಮೊದ್ಲು, 1789ರ ಅವರ ಪ್ರಾರ್ಥನಾ ಪುಸ್ತಕದಲ್ಲೇ ಭೂಮಿಯ ಫಲಕ್ಕೋಸ್ಕರ ನವೆಂಬರ್ ಮೊದಲ ಗುರುವಾರ ಸ್ತೋತ್ರಾರಾಧನೆ ಮಾಡೋಕೆ ಕ್ರಮ ಇಟ್ಕೊಂಡಿದ್ರು, ಈಗ ಅಲ್ಲಿ ಥ್ಯಾಂಕ್ಸ್‌ಗಿವಿಂಗ್ ನವೆಂಬರ್ ನಾಲ್ಕನೇ ಗುರುವಾರ. ಇಂಗ್ಲೆಂಡಲ್ಲಿ ಅಕ್ಟೋಬರಿಗೆ ಗೋಧಿ ಕಣಜ ಸೇರಿರತ್ತೆ, ನಮ್ಮಲ್ಲಿ ಭತ್ತ ಆವಾಗ ಇನ್ನೂ ಹಾಲು ತುಂಬ್ಕೊಳ್ತಿರತ್ತೆ, ಅಕ್ಕಪಕ್ಕದವರು ಭೂಮಿ ಹುಣ್ಣಿಮೆಗೆ ಪೈರಿನ ಪೂಜೆ ಮಾಡೋಕೆ ಗದ್ದೆಗೆ ಹೋಗೋ ಸಮಯ ಅದು, ಮಳೆ ಬೇರೆ ಬಿಟ್ಟಿರಲ್ಲ. ಹಾಗಾಗಿ ಮಲೆನಾಡಿನ ಸಭೆಗೆ ನವೆಂಬರ್ ಎರಡನೇ ಅಥವಾ ಮೂರನೇ ಭಾನುವಾರವೇ ಸರಿ ಅನ್ನೋದು ನನ್ನ ಅಭಿಪ್ರಾಯ: ಮೆಕ್ಕೆಜೋಳ ಮುಗಿದಿರತ್ತೆ, ಅಡಿಕೆಯ ಮೊದಲ ಗೊನೆಗಳು ಕೊಯ್ದು ಇಳಿಸಿಯಾಗಿರತ್ತೆ, ಬೇಗ ಬರೋ ಭತ್ತ ಹಣ್ಣಾಗಿರತ್ತೆ. ದೀಪಾವಳಿ ವಾರ ಬಂದ್ರೆ ಬಿಟ್ಟು ಮುಂದಕ್ಕೆ ಹಾಕಿ, ಆದ್ರೆ ಅಡ್ವೆಂಟ್, ಅಂದ್ರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರದ ಕಾಲ, ದಾಟಬೇಡಿ. ಅಡ್ವೆಂಟ್ ಮೊದಲ ಭಾನುವಾರ ಯಾವಾಗ್ಲೂ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರತ್ತೆ.

ಕೆಲಸ ಶುರು ಮಾಡೋಕೆ ಒಳ್ಳೇ ದಿನ ಅಂದ್ರೆ ಸೆಪ್ಟೆಂಬರ್ 27, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ನಮ್ಮ ಸಭೆ) ದಿನ. 1947ರಲ್ಲಿ ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತೆ ಬೇರೆ ಸಭೆಗಳು ಒಂದಾಗಿದ್ದು ಅವತ್ತು, ಅದೇ ಕಾರಣಕ್ಕೆ ಎಪಿಸ್ಕೋಪಲ್‌ನವರೂ ನಾವೂ ಇವತ್ತು ಒಂದೇ ಆಂಗ್ಲಿಕನ್ ಕುಟುಂಬದವರು. ಎಪಿಸ್ಕೋಪಲ್‌ನವರಲ್ಲಿ ಒಂದು ನೀಲಿ ಡಬ್ಬಿ ಪದ್ಧತಿ ಇದೆ. ದಿನದಲ್ಲಿ ಏನಾದ್ರೂ ಒಳ್ಳೇದಾದಾಗ ಒಂದು ಮಾತು ಪ್ರಾರ್ಥನೆ ಮಾಡಿ ಒಂದು ನಾಣ್ಯ ಹಾಕೋದು, ಆಮೇಲೆ ಎಲ್ಲ ಡಬ್ಬೀನೂ ಸಭೇಲಿ ಒಟ್ಟು ಮಾಡೋದು. 1889ರಲ್ಲಿ ಹೆಂಗಸರು ಶುರು ಮಾಡಿದ ಕಾಣಿಕೆ ಇದು, ಮೊದಲ ಸಲ ಸೇರಿದ ದುಡ್ಡಲ್ಲಿ ಅಲಾಸ್ಕಾದ ಆನ್ವಿಕ್‌ನಲ್ಲಿ ದೇವಾಲಯ ಕಟ್ಟೋಕೆ ಕೊಟ್ಟು ಜಪಾನಿಗೆ ಒಬ್ಬ ಮಿಷನರಿನೂ ಕಳ್ಸಿದ್ರು. ನಮ್ಮಲ್ಲಿ ಸಂಡೇ ಸ್ಕೂಲ್ ಮಕ್ಕಳ ಕೈಲಿ ಹಾರ್ಲಿಕ್ಸ್ ಡಬ್ಬಿಗೆ ಬಣ್ಣದ ಪೇಪರ್ ಅಂಟಿಸಿ ಮನೆಗೊಂದು ಕೊಡಿ, ಜೊತೆಗೆ ಒಂದು ಬಟ್ಟೆ ಚೀಲಾನೂ ಕೊಡಿ, ಅನ್ನಕ್ಕೆ ಇಡುವಾಗೆಲ್ಲ ಒಂದು ಹಿಡಿ ಅಕ್ಕಿ ಅದಕ್ಕೆ. ಮಿಜೋರಾಂನ ಸಭೆಗಳು ಈ ಹಿಡಿ ಅಕ್ಕಿ ಕಾಣಿಕೆಯಿಂದಾನೇ ಎಷ್ಟೋ ಸೇವೆ ನಡೆಸ್ಕೊಂಡು ಬಂದಿವೆ. ಡಬ್ಬಿ ಮೇಲೆ ಹೆಸರು ಬರೆಯಬೇಡಿ, ಯಾರ ಮನೇದು ಎಷ್ಟು ತೂಕ ಅಂತ ಯಾರಿಗೂ ಗೊತ್ತಾಗಬಾರದು.

ಅಕ್ಟೋಬರ್ 4 ಅಸ್ಸಿಸಿಯ ಫ್ರಾನ್ಸಿಸ್‌ರ ದಿನ, ಎಪಿಸ್ಕೋಪಲ್ ಸಭೆಗಳಲ್ಲಿ ಅವತ್ತು ನಾಯಿ ಬೆಕ್ಕು ಎಲ್ಲ ಕರ್ಕೊಂಡು ಬಂದು ಆಶೀರ್ವಾದ ಮಾಡಿಸ್ತಾರೆ. ನಮ್ಮಲ್ಲಿ ದನ ಹೊಡ್ಕೊಂಡು ದೇವಾಲಯಕ್ಕೆ ಬರೋದು ಕಷ್ಟ, ಅದರ ಬದಲು ಅಯ್ಯನವರು (ಪಾದ್ರಿ) ಮನೆ ಭೇಟಿಗೆ ಹೋದಾಗ ಕೊಟ್ಟಿಗೆ ಹತ್ರ ನಿಂತು ಒಂದು ಚಿಕ್ಕ ಪ್ರಾರ್ಥನೆ ಮಾಡಿದ್ರೆ ಸಾಕು, ಮಕ್ಕಳಿಗೆ ಅದು ತುಂಬಾ ಖುಷಿ.

ನವೆಂಬರ್ 1 ಸಕಲ ಭಕ್ತರ ದಿನ, ನಮಗೆ ಅನುಕೂಲ ಏನಂದ್ರೆ ಅವತ್ತೇ ರಾಜ್ಯೋತ್ಸವ, ರಜೆ. ಬೆಳಿಗ್ಗೆ ಶಾಲೇಲಿ ಧ್ವಜ ಹಾರಿಸಿ ಬಂದು ಸಂಜೆ ಸಮಾಧಿ ಭೂಮಿಗೆ ಎಲ್ರೂ ಸೇರಬಹುದು. ಆದ್ರೆ ನಾಲ್ಕು ತಿಂಗಳ ಮಳೇಲಿ ಹುಲ್ಲು ಸೊಂಟದೆತ್ತರ ಬೆಳೆದಿರತ್ತೆ, ಕಲ್ಲಿನ ಮೇಲೆ ಪಾಚಿ ಕಟ್ಟಿರತ್ತೆ, ಅದಕ್ಕೆ ಒಂದು ವಾರ ಮೊದ್ಲೇ ಕಳೆ ಹೊಡೆಯೋ ಮಿಷನ್ ತರಿಸಿ, ಬರೋರಿಗೆ ಉಂಬಳಕ್ಕೆ (ಜಿಗಣೆಗೆ) ಸುಣ್ಣ ಅಥವಾ ಉಪ್ಪಿನ ಪೊಟ್ಟಣ ಇಟ್ಕೊಳ್ಳೋಕೆ ಹೇಳಿ. ಮೊಂಬತ್ತಿ ಗಾಳಿಗೆ ನಿಲ್ಲಲ್ಲ, ಅರ್ಧ ತೆಂಗಿನ ಚಿಪ್ಪಿನೊಳಗೆ ನಿಲ್ಸಿ. ಆ ವರ್ಷ ತೀರ್ಕೊಂಡವರ ಹೆಸರು ಓದ್ಬೇಕಾದ್ರೆ ಪಟ್ಟೀನ ಮೊದ್ಲೇ ಮನೆಯವರಿಗೆ ತೋರಿಸಿ. ಅಮ್ಮನ ಹೆಸರು ತಪ್ಪಾಗಿ ಓದಿದ್ರೆ ಆ ಮಕ್ಕಳಿಗೆ ಎಷ್ಟು ನೋವಾಗತ್ತೆ ಅನ್ನೋದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಬೆಳೆಗೆ ಸ್ತೋತ್ರ ಹೇಳೋಕೆ ಮೊದ್ಲು ಆ ತೋಟ ಹಾಕಿ ಹೋದವರಿಗೆ ಸ್ತೋತ್ರ ಹೇಳಿದ ಹಾಗೂ ಆಗತ್ತೆ ಇದರಿಂದ.

ಈಗ ಮುಖ್ಯವಾದ ವಿಷಯ, ಬೆಳೆ ಹೋದವರದ್ದು. ಎಲೆಚುಕ್ಕಿ ರೋಗ ಬಂದು ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ತೋಟಕ್ಕೆ ತೋಟವೇ ಸೊರಗಿರೋದು ನಿಮಗೆಲ್ಲ ಗೊತ್ತು, ಅದರ ಮೇಲೆ ಮಳೆ ಬಿಡದ ವರ್ಷ ಬೋರ್ಡೋ ಔಷಧಿ ಹೊಡೆದ್ರೂ ಕೊಳೆ ರೋಗ ನಿಲ್ಲಲ್ಲ, ಮರದ ಬುಡದಲ್ಲಿ ಕಾಯಿ ಉದುರಿ ಕೊಳೀತಾ ಬಿದ್ದಿರತ್ತೆ. ಅಂಥ ಮನೆಯವರಿಗೆ ಬೆಳೆ ಹಬ್ಬ ಅಂದ್ರೆ ಸಂಕಟ, ಏನು ತಗೊಂಡು ಹೋಗೋದು, ಯಾವ ಮುಖ ಇಟ್ಕೊಂಡು ಹೋಗೋದು ಅಂತ ಸುಮ್ನೆ ಮನೇಲೇ ಕೂತುಬಿಡ್ತಾರೆ. ಹಬ್ಬಕ್ಕೆ ಎರಡು ವಾರ ಮೊದ್ಲು ಕಮಿಟಿಯವರು ಇಬ್ಬಿಬ್ರಾಗಿ ಅವರ ಮನೆಗೆ ಹೋಗಿ, ಕಾಫಿ ಕುಡೀರಿ, ಆದ್ರೆ ರಸೀದಿ ಪುಸ್ತಕ ಚೀಲದಿಂದ ತೆಗೀಲೇಬೇಡಿ. "ಅಣ್ಣ, ನೀವು ಬರ್ಲೇಬೇಕು, ಏನೂ ತರೋದು ಬೇಡ, ಒಂದು ಪಾಠ ನೀವೇ ಓದ್ಬೇಕು" ಅಂತ ಕೇಳಿ. ಓದೋಕೆ ಬೈಬಲಿನ ಹಬಕ್ಕೂಕ 3ನೇ ಅಧ್ಯಾಯದ 17, 18ನೇ ವಚನ ಕೊಡಿ, ಅಂಜೂರ ಚಿಗುರದಿದ್ರೂ ಹೊಲದಲ್ಲಿ ಬೆಳೆ ಇಲ್ಲದಿದ್ರೂ ಕರ್ತನಲ್ಲಿ ಉಲ್ಲಾಸಪಡ್ತೀನಿ ಅಂತ ಬರೋ ಭಾಗ. ಅದನ್ನ ಬೆಳೆ ಕಳ್ಕೊಂಡವರ ಬಾಯಲ್ಲೇ ಸಭೆ ಕೇಳ್ಬೇಕು, ಆದ್ರೆ ಅವರು ಬೇಡ ಅಂದ್ರೆ ಒತ್ತಾಯ ಮಾಡಬೇಡಿ, ಎದ್ದು ನಿಂತು ಸಾಕ್ಷಿ ಹೇಳಿ ಅಂತೂ ಯಾವ ಕಾರಣಕ್ಕೂ ಕೇಳಬೇಡಿ. ಅವತ್ತಿನ ಪ್ರಾರ್ಥನೆಯಲ್ಲಿ ಎಲೆಚುಕ್ಕಿ, ಕೊಳೆ, ಸೊಸೈಟಿ ಸಾಲ ಇವುಗಳ ಹೆಸರನ್ನೇ ಹೇಳಿ, ಬರೀ "ಕಷ್ಟದಲ್ಲಿರುವವರು" ಅಂದ್ರೆ ಅವರಿಗೆ ತಾವು ಅಂತ ಅನ್ನಿಸಲ್ಲ.

ಇನ್ನು ಊರಲ್ಲಿರೋರಲ್ಲಿ ಜಮೀನಿರೋರು ಕಡಿಮೆ. ಟೀಚರ್, ನರ್ಸ್, ಬಸ್ ಡ್ರೈವರ್, ಬೇರೆಯವರ ತೋಟಕ್ಕೆ ಅಡಿಕೆ ಸುಲಿಯೋಕೆ ಹೋಗೋರು ಇದಾರೆ. ಅವರು ಮಾರ್ಕೆಟಿಂದ ತರಕಾರಿ ಕೊಂಡು ತರೋದಕ್ಕಿಂತ ತಮ್ಮ ಕೆಲಸದ್ದೇ ಏನಾದ್ರೂ ತರ್ಲಿ ಅಂತ ಮೊದ್ಲೇ ಹೇಳಿಬಿಡಿ. ಟೈಲರ್ ಆಗಿರೋರು ದಿಂಬಿನ ಕವರ್ ಹೊಲಿದು ತರ್ತಾರೆ, ಅಡಿಕೆ ಸುಲಿಯೋ ಅಕ್ಕ ಮೆಟ್ಟುಗತ್ತೀನೇ (ಸುಲಿಯೋ ಕತ್ತಿ) ತಂದು ಪ್ರಾರ್ಥನೆ ಮಾಡಿಸ್ಕೊಂಡು ವಾಪಸ್ ತಗೊಂಡು ಹೋಗ್ಲಿ, ಹತ್ತನೇ ಕ್ಲಾಸಿನ ಹುಡುಗ ಪೆನ್ನು ತರ್ಲಿ. ಧರ್ಮೋಪದೇಶಕಾಂಡ 26ರಲ್ಲಿ ಪ್ರಥಮಫಲದ ಪುಟ್ಟಿ (ಬುಟ್ಟಿ) ತಂದವನ ಜೊತೆ ದೇವರ ಸೇವೆಯ ಕುಲದ ಲೇವಿಯೂ ಪರದೇಶಿಯೂ ಸಂತೋಷಪಡಬೇಕು ಅಂತ ಇದೆಯಲ್ಲ, ಆ ಇಬ್ಬರಿಗೂ ಸ್ವಂತ ಜಮೀನು ಇರಲಿಲ್ಲ.

ಬುಟ್ಟಿ ಅಂದಾಗ ಒಂದು ಮಾತು, ಸಾಗರ, ಸೊರಬ ಕಡೆ ದೀವರ ಸಮುದಾಯದ ಹೆಂಗಸರು ಭೂಮಿ ಹುಣ್ಣಿಮೆಗೆ ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಲ್ಲಿ ಚಿತ್ತಾರ ಬರೀತಾರೆ, ಎಷ್ಟು ಚಂದ ಅಂದ್ರೆ ನೋಡ್ತಾನೇ ಇರ್ಬೇಕು ಅನ್ಸತ್ತೆ. ಪ್ಲಾಸ್ಟಿಕ್ ಟಬ್ ಇಡೋ ಬದ್ಲು ಅವರಲ್ಲಿ ಯಾರಾದ್ರೂ ಮಾರೋಕೆ ಬರೆದುಕೊಡ್ತಾರೆ ಅಂದ್ರೆ ಒಳ್ಳೇ ಬೆಲೆ ಕೊಟ್ಟು ಎರಡು ಬುಟ್ಟಿ ಬರೆಸ್ಕೊಳ್ಳಿ, ಅವರ ಪೂಜೆಯ ಬುಟ್ಟಿ ಕೇಳಬೇಡಿ.

ಅಲಂಕಾರಕ್ಕೆ ಪೀಠದ ಮೇಲೆ ರೊಟ್ಟಿ ದ್ರಾಕ್ಷಾರಸ ಬಿಟ್ಟು ಬೇರೆ ಏನೂ ಬೇಡ, ಎಲ್ಲ ಮೆಟ್ಟಿಲ ಮೇಲೆ. ಬಾಳೆಗೊನೆ ಕಡಿದ ತುದಿಗೆ ಪೇಪರ್ ಸುತ್ತಿ ದಾರ ಕಟ್ಟಿ, ಸೊನೆ ಪೀಠದ ಬಿಳಿ ಬಟ್ಟೆಗೆ ಬಿದ್ರೆ ಯಾವ ಸೋಪಿಗೂ ಹೋಗಲ್ಲ, ಹಸಿ ಅಡಿಕೆಯ ಚೊಗರೂ ಹಂಗೇ, ಅದಕ್ಕೆ ಗೊನೆಗಳ ಕೆಳಗೆ ಅಡಿಕೆ ಹಾಳೆ ಹಾಸಿ. ಭತ್ತದ ತೆನೆ ಪೂರ್ತಿ ಒಣಗೋ ಮೊದ್ಲೇ ಕೊಯ್ದು ತಲೆಕೆಳಗಾಗಿ ನೇತುಹಾಕಿಟ್ರೆ ಕಾಳು ಉದುರಲ್ಲ. ಕಬ್ಬಿನ ಬುಡಕ್ಕೆ ಅರಿಶಿನ ಉದುರಿಸಿ, ಇಲ್ಲಾಂದ್ರೆ ಬೆಳಿಗ್ಗೆಗೆ ಇರುವೆ. ಶನಿವಾರ ರಾತ್ರಿ ಕಿಟಕಿಗಳನ್ನೆಲ್ಲ ನೋಡಿ ಮುಚ್ಚಿ, ಹಣ್ಣಾದ ಬಾಳೆ ವಾಸನೆಗೆ ಬಾವಲಿ ಬಂದೇ ಬರತ್ತೆ. ಸುವರ್ಣಗೆಡ್ಡೆ, ಕೆಸು, ಮೊಗೆಕಾಯಿ, ಸಿಹಿಗುಂಬಳ ಮಣ್ಣು ಹತ್ತಿದ ಹಾಗೇ ಇರ್ಲಿ, ತೊಳೆದ್ರೆ ಬೇಗ ಕೆಡತ್ತೆ.

ಆರಾಧನೆ ಉದ್ದ ಮಾಡಬೇಡಿ. ಕೀರ್ತನೆ 65, ಹಬಕ್ಕೂಕ, ಲೂಕ 17ರ ಹತ್ತು ಮಂದಿ ಕುಷ್ಠರೋಗಿಗಳ ಭಾಗ, ಚಿಕ್ಕ ಪ್ರಸಂಗ, ಆಮೇಲೆ ಕಾಣಿಕೆ. ಕಾಣಿಕೆಗೆ ಸಾಲಾಗಿ ಎಲ್ರೂ ಎದ್ದು ಬರ್ಲಿ, ವಯಸ್ಸಾದವರ ಹತ್ರ ಬುಟ್ಟಿ ತಗೊಂಡು ಹೋಗಿ. ಯಾರು ಎಷ್ಟು ಕೊಟ್ರು ಅಂತ ಮೈಕಲ್ಲಿ ಓದೋ ಪದ್ಧತಿ ಇದ್ರೆ ದಯವಿಟ್ಟು ನಿಲ್ಲಿಸಿ.

ಹರಾಜು ಬೇಡ ಅಂತ ಹೇಳ್ತಿಲ್ಲ, ನಮ್ಮ ಹಿರಿಯರ ಕಾಲದಿಂದ ಬಂದಿದ್ದು, ಅದರಲ್ಲಿ ಸಂತೋಷಾನೂ ಇದೆ, ಒಂದು ತೆಂಗಿನಕಾಯಿಗೆ ಇಬ್ರು ಪಟ್ಟು ಹಿಡಿದು ಕೂಗ್ತಿದ್ರೆ ಇಡೀ ಸಭೆ ನಗತ್ತೆ. ಆದ್ರೆ ಹರಾಜು ಶುರುವಾಗೋ ಮೊದ್ಲೇ ಬಂದದ್ದರಲ್ಲಿ ಮೂರನೇ ಒಂದು ಭಾಗ ಬೇರೆ ತೆಗೆದಿಡಿ, ಅದೂ ಒಳ್ಳೇದನ್ನೇ ಆರಿಸಿ, ಬಾಡಿದ್ದನ್ನಲ್ಲ. ಯಾಜಕಕಾಂಡ 23:22ರಲ್ಲಿ ಹೊಲದ ಅಂಚನ್ನ ಪೂರ್ತಿ ಕೊಯ್ಯಬೇಡ, ಹಕ್ಕಲು (ಕೊಯ್ಲಲ್ಲಿ ಉದುರಿದ ತೆನೆ) ಆಯಬೇಡ, ಅದು ಬಡವರದ್ದು ಅಂತಿದೆ, ಆ ಲೆಕ್ಕ ಇದು. ಅಕ್ಕಿ, ತರಕಾರಿ ಹಾಸ್ಟೆಲಿಗೆ ಮತ್ತೆ ಒಂಟಿಯಾಗಿರೋ ಅಜ್ಜಿಯರ ಮನೆಗೆ ಹೋಗ್ಲಿ, ಯಾವ ಧರ್ಮದವರು ಅಂತ ನೋಡೋದು ಬೇಡ. ಬಾಳೆಹಣ್ಣು ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೆ ಕೊಡೋದಾದ್ರೆ ವಾರ್ಡಿನ ಸಿಸ್ಟರ್ ಹತ್ರ ಮೊದ್ಲೇ ಕೇಳಿ, ರೋಗಿಗಳಿಗಿಂತ ಜೊತೆಗೆ ಬಂದು ವರಾಂಡದಲ್ಲಿ ಮಲಗೋರಿಗೆ ಅದು ಜಾಸ್ತಿ ಬೇಕಾಗಿರತ್ತೆ. ಹರಾಜು ಕೂಗೋರು ಒಬ್ರು, ಬರ್ಕೊಳ್ಳೋರು ಇನ್ನೊಬ್ರು, ದುಡ್ಡು ಅಲ್ಲೇ ಕ್ಯಾಶ್ ಅಥವಾ ಫೋನ್‌ಪೇ, ಆಮೇಲೆ ಕೊಡ್ತೀನಿ ಅನ್ನೋದು ಬೇಡ.

ಊಟಕ್ಕೆ ಬಂದ ತರಕಾರೀಲೇ ಸಾಂಬಾರ್, ಕೋಳಿ ಸಾರು, ಹೊಸಕ್ಕಿ ಪಾಯಸ. ಹೊಸಕ್ಕೀಲಿ ಅನ್ನ ಮಾಡೋದಾದ್ರೆ ನೀರು ಕಮ್ಮಿ ಇಡಿ, ಇಲ್ಲಾಂದ್ರೆ ಮುದ್ದೆಯಾಗತ್ತೆ.

ಕೊನೇದಾಗಿ ಚಂದಾ, ಅಂದ್ರೆ ಸಭೆಗೆ ಕುಟುಂಬಗಳು ಕೊಡೋ ದುಡ್ಡು. ಎಪಿಸ್ಕೋಪಲ್ ಸಭೆಗಳಲ್ಲಿ ಇದೇ ಸೀಸನ್‌ನಲ್ಲಿ ಮುಂದಿನ ವರ್ಷಕ್ಕೆ ಎಷ್ಟು ಕೊಡ್ತೀವಿ ಅಂತ ಕುಟುಂಬಗಳು ಕಾರ್ಡಲ್ಲಿ ಬರೆದುಕೊಡ್ತವೆ, ಇದು ನಮಗೂ ಒಳ್ಳೇದು, ಯಾಕಂದ್ರೆ ಸಂಬಳದವರಿಗೆ ತಿಂಗಳ ಚಂದಾ ಸರಿ, ಅಡಿಕೆಯವರಿಗೆ ದುಡ್ಡು ಬರೋದು ಮಂಡೀಲಿ ವ್ಯಾಪಾರ ಆದಾಗ, ಕೂಲಿಯವರಿಗೆ ವಾರಕ್ಕೆ. ಮೂರು ಥರಾನೂ ಕಾರ್ಡಲ್ಲಿ ಇರ್ಲಿ, ಲಕೋಟೇಲಿ ಹಾಕಿ ಕೊಡ್ಲಿ, ಖಜಾಂಚಿ ಬಿಟ್ರೆ ಯಾರೂ ನೋಡೋದು ಬೇಡ. ಹಬ್ಬದ ಲೆಕ್ಕ, ಎಷ್ಟು ಬಂತು, ಯಾವ ಮನೆ ಅಂತ ಹೇಳದೆ ಎಷ್ಟು ಹೊರಗೆ ಹೋಯ್ತು, ಎಲ್ಲ ಮುಂದಿನ ಭಾನುವಾರವೇ ಓದಿಬಿಡಿ, ಅಡ್ವೆಂಟ್ ಬಂದ್ರೆ ಕ್ಯಾರಲ್ ತಿರುಗಾಟದಲ್ಲಿ ಅದಕ್ಕೆ ಯಾರಿಗೂ ಪುರುಸೊತ್ತಿರಲ್ಲ.