ಡಬ್ಲ್ಯುಆರ್‌ಎಕ್ಸ್ ಕೊಂಡ ಬಗೆ: ಮ್ಯಾಸಚೂಸೆಟ್ಸ್‌ನಲ್ಲಿ ಒಂದು ಚೌಕಾಸಿ

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ತಲುಪಬೇಕು, ಓಡಿಸುವಾಗ ಹುರುಪಿರಬೇಕು, ಗೇರನ್ನು ಕೈಯಿಂದಲೇ ಬದಲಿಸುವಂತಿರಬೇಕು ಎಂಬ ಮೂರು ಷರತ್ತುಗಳನ್ನು ಇಟ್ಟುಕೊಂಡು ಹುಡುಕಲು ಹೊರಟರೆ ಅಮೆರಿಕದ ಮಾರುಕಟ್ಟೆಯಲ್ಲಿ ಸಿಗುವ ಹೊಸ ಕಾರುಗಳು ಬೆರಳೆಣಿಕೆಯಷ್ಟು. 2024ರ ಕೊನೆಯಲ್ಲಿ ನನ್ನ ಬಜೆಟ್ಟಿನ ಆಸುಪಾಸಿನಲ್ಲಿ ಕಂಡವು ಸುಬಾರು ಡಬ್ಲ್ಯುಆರ್‌ಎಕ್ಸ್, ಟೊಯೋಟಾ ಜಿಆರ್ ಕೊರೊಲ್ಲಾ ಮತ್ತು ಬಹಳ ಕೈ ಚಾಚಿದರೆ ಫೋಕ್ಸ್‌ವ್ಯಾಗನ್ ಗಾಲ್ಫ್ ಆರ್. ಮಜ್ದಾ 3ರ ಟರ್ಬೊ ಮಾದರಿ ಒಳಾಂಗಣದಲ್ಲಿ ಇವೆಲ್ಲಕ್ಕಿಂತ ಅಂದವಾಗಿದ್ದರೂ ಆಟೊಮ್ಯಾಟಿಕ್ ಗೇರಿನಲ್ಲಿ ಮಾತ್ರ ಬರುವುದರಿಂದ ಅದನ್ನು ಮೊದಲೇ ಕೈಬಿಟ್ಟೆ. ನಾವಿರುವುದು ವೂಸ್ಟರ್ ನಗರಕ್ಕೆ ಅಂಟಿಕೊಂಡ ಶ್ರೂಸ್‌ಬರಿಯಲ್ಲಿ; ಈ ಭಾಗದಲ್ಲಿ ದಿಬ್ಬಗಳೂ ಹೆಚ್ಚು, ಹಿಮವೂ ಹೆಚ್ಚು, ಆದ್ದರಿಂದ ಆಲ್ ವೀಲ್ ಡ್ರೈವ್ ನಮಗೆ ಬರಿಯ ಶೋಕಿಯಲ್ಲ.

ಜಿಆರ್ ಕೊರೊಲ್ಲಾದ 1.6 ಲೀಟರಿನ ಮೂರು ಸಿಲಿಂಡರಿನ ಎಂಜಿನ್ 300 ಅಶ್ವಶಕ್ತಿ ಕೊಡುತ್ತದೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಬಲದ ಹಂಚಿಕೆಯನ್ನು ಚಾಲಕನೇ ಬದಲಿಸಬಹುದು. ಮನಸ್ಸು ಅತ್ತಲೇ ಎಳೆಯುತ್ತಿತ್ತು ಎಂಬುದು ನಿಜ. ಆದರೆ ಅದರ ಹಿಂದಿನ ಸೀಟು ಇಕ್ಕಟ್ಟು, ಮಾರಾಟಕ್ಕೆ ಬರುವ ಸಂಖ್ಯೆಯೂ ಕಡಿಮೆ, ಮತ್ತು ಹಾಗೆ ಅಪರೂಪಕ್ಕೆ ಬರುವ ಕಾರಿನ ಮೇಲೆ ಚೌಕಾಸಿ ಮಾಡುವ ಬಲ ಕೊಳ್ಳುವವನ ಕೈಯಲ್ಲಿ ಇರುವುದೇ ಇಲ್ಲ. 315 ಅಶ್ವಶಕ್ತಿಯ ಗಾಲ್ಫ್ ಆರ್‌ಗೆ ಅಮೆರಿಕದಲ್ಲಿ ಮ್ಯಾನ್ಯುಯಲ್ ಗೇರು ಸಿಗುವ ಕೊನೆಯ ವರ್ಷ 2024 ಎಂಬ ಆಕರ್ಷಣೆಯಿದ್ದರೂ ಅದರ ಬೆಲೆ ನಮ್ಮ ಮಿತಿಯನ್ನು ಬಹುದೂರ ದಾಟಿತ್ತು. ಡಬ್ಲ್ಯುಆರ್‌ಎಕ್ಸ್‌ನ 2.4 ಲೀಟರಿನ ಟರ್ಬೊ ಬಾಕ್ಸರ್ (ಸಿಲಿಂಡರುಗಳು ಎದುರುಬದುರಾಗಿ ಮಲಗಿರುವ) ಎಂಜಿನ್ನಿನದು 271 ಅಶ್ವಶಕ್ತಿ. ಅಂಕಿಯಲ್ಲಿ ಇದೇ ಹಿಂದೆ; ಆದರೆ ಇದು ನಾಲ್ಕು ಬಾಗಿಲಿನ, ಹಿಂದೆ ದೊಡ್ಡವರೂ ಆರಾಮವಾಗಿ ಕೂರಬಹುದಾದ ಸೆಡಾನ್. "ರೀ, ಮಗುವಿನ ಸೀಟು ಹಿಂದೆ ಕೂರದಿದ್ದರೆ ಯಾವ ಕಾರಿನ ಮಾತೂ ಬೇಡ" ಎಂದು ಮನೆಯಾಕೆ ಹೇಳಿದ ಮೇಲೆ ಉಳಿದ ಚರ್ಚೆ ಬೇಗ ಮುಗಿಯಿತು. ಹಲವು ದರ್ಜೆಗಳಲ್ಲಿ ಸುತ್ತಾಡಿ ಕೊನೆಗೆ ಪ್ರೀಮಿಯಂ ದರ್ಜೆ, ಆರು ಗೇರಿನ ಮ್ಯಾನ್ಯುಯಲ್ ಎಂದು ನಿರ್ಧರಿಸಿದೆವು.

ಮ್ಯಾನ್ಯುಯಲ್ಲಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಇದನ್ನು ಮಾರುವವರು ಸಾಮಾನ್ಯವಾಗಿ ವಿವರಿಸುವುದಿಲ್ಲ. ಇದೇ ಕಾರಿನ ಎರಡು ಗೇರುಪೆಟ್ಟಿಗೆಗಳಿಗೆ ಎರಡು ಬಗೆಯ ಆಲ್ ವೀಲ್ ಡ್ರೈವ್ ವ್ಯವಸ್ಥೆಗಳಿವೆ. ಮ್ಯಾನ್ಯುಯಲ್ಲಿನಲ್ಲಿ ನಡುವಿನ ಡಿಫರೆನ್ಷಿಯಲ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಸಮನಾಗಿ ಹಂಚುತ್ತದೆ. ಒಂದು ಕಡೆಯ ಚಕ್ರಗಳು ಜಾರಿ ವೇಗವಾಗಿ ತಿರುಗತೊಡಗಿದರೆ, ಸಿಲಿಕೋನ್ ದ್ರವ ತುಂಬಿದ ವಿಸ್ಕಸ್ ಕಪ್ಲಿಂಗ್ ಎಂಬ ಭಾಗ ಬಿಗಿದುಕೊಂಡು ಬಲವನ್ನು ಇನ್ನೊಂದು ಕಡೆಗೆ ತಳ್ಳುತ್ತದೆ. ಇಲ್ಲಿ ಕಂಪ್ಯೂಟರಿನ ಪಾತ್ರ ಕಡಿಮೆ. ಆಟೊಮ್ಯಾಟಿಕ್ಕಿನಲ್ಲಿ ಹಂಚಿಕೆ ಸಹಜ ಸ್ಥಿತಿಯಲ್ಲೇ ಹಿಂದಿನ ಚಕ್ರಗಳ ಕಡೆಗೆ ತುಸು ವಾಲಿರುತ್ತದೆ ಮತ್ತು ಎಲೆಕ್ಟ್ರಾನಿಕ್ ನಿಯಂತ್ರಣದಲ್ಲಿ ಬದಲಾಗುತ್ತಿರುತ್ತದೆ. ಯಾವುದು ಮೇಲು ಎಂಬುದು ರುಚಿಯ ಪ್ರಶ್ನೆ. ನನಗೆ ಮೊದಲನೆಯದರ ಸರಳತೆ ಹಿಡಿಸಿತು.

ಟೆಸ್ಟ್ ಡ್ರೈವ್ ಮತ್ತು ಕೊಳ್ಳುವ ಮಾತುಕತೆ ಒಂದೇ ದಿನ ನಡೆಯಬಾರದೆಂದು ನಾನು ಮೊದಲೇ ಗೊತ್ತು ಮಾಡಿಕೊಂಡಿದ್ದೆ. ರೂಟ್ 9ರ ಬಳಿಯ ಒಂದು ಶೋರೂಮಿಗೆ ಫೋನ್ ಮಾಡಿ, ಈ ದಿನ ಕೊಳ್ಳುವುದಿಲ್ಲ, ಕಾರನ್ನು ಓಡಿಸಿ ನೋಡುವುದಷ್ಟೇ ಉದ್ದೇಶ, ಬೆಲೆ ಕೇಳುವ ಹೊತ್ತು ಬಂದಾಗ ಮೊದಲು ನಿಮ್ಮನ್ನೇ ಕೇಳುತ್ತೇನೆ ಎಂದು ತಿಳಿಸಿ ಹೋದೆ. ಎಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಲು ಬಿಡಬೇಕೆಂದು ಕೇಳಿಕೊಂಡದ್ದು ಉಪಯೋಗಕ್ಕೆ ಬಂತು; ಮೊದಲ ಕೆಲವು ನಿಮಿಷ ಒಂದರಿಂದ ಎರಡನೆಯ ಗೇರಿಗೆ ಹೋಗುವಾಗ ಕಡ್ಡಿ ತುಸು ಬಿಗಿಯಾಗಿರುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಎಂಜಿನ್ನಿನ ಸುತ್ತು ಕೂಡಲೇ ಇಳಿಯದೆ ಒಂದು ಕ್ಷಣ ತಡೆಯುತ್ತದೆ. ದಿನವೂ ಓಡಿಸುವವನಿಗೆ ಇದನ್ನು ತಿಳಿದು ಒಪ್ಪಿಕೊಳ್ಳುವುದು ಮುಖ್ಯ. 290ನೆಯ ಹೆದ್ದಾರಿಯ ಏರುದಾರಿಯಲ್ಲಿ ಮೂರನೆಯ ಗೇರಿನಲ್ಲಿ ಕಾರು ಎಳೆದ ರೀತಿ ಮಾತ್ರ ಎಲ್ಲ ತಕರಾರುಗಳನ್ನೂ ಮರೆಸುವಂತಿತ್ತು. ಹಿಂತಿರುಗಿದ ಮೇಲೆ ಮಗುವಿನ ಸೀಟನ್ನು ಅಲ್ಲೇ ಬಿಗಿದು ನೋಡಿದೆವು.

ಬೆಲೆಯ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ ಹೊಸ ಕಾರಿನ ಕಿಟಕಿಗೆ ಅಂಟಿಸಿರುವ ಚೀಟಿಯನ್ನು ಓದಲು ಕಲಿಯುವುದು ಮೊದಲ ಪಾಠ. 1958ರ ಕಾನೂನೊಂದು ಇದನ್ನು ಕಡ್ಡಾಯಗೊಳಿಸಿತು. ಆ ಕಾನೂನನ್ನು ತಂದ ಸೆನೆಟರ್ ಮೈಕ್ ಮನ್ರೋನಿಯ ಹೆಸರಿನಿಂದಲೇ ಚೀಟಿಯನ್ನು ಇಂದಿಗೂ ಕರೆಯುತ್ತಾರೆ. ಅದರಲ್ಲಿ ಕಂಪನಿ ಸೂಚಿಸಿದ ಬೆಲೆ, ಕಾರ್ಖಾನೆ ಅಥವಾ ಬಂದರಿನಲ್ಲಿ ಸೇರಿಸಿದ ಬಿಡಿಭಾಗಗಳು, ಸಾಗಣೆ ವೆಚ್ಚ ಎಲ್ಲವೂ ಸಾಲು ಸಾಲಾಗಿ ಇರುತ್ತವೆ. ಮ್ಯಾಸಚೂಸೆಟ್ಸ್ ಸೇರಿದಂತೆ ನ್ಯೂ ಇಂಗ್ಲೆಂಡಿನ ಆರು ರಾಜ್ಯಗಳಿಗೆ ಸುಬಾರು ಕಾರುಗಳನ್ನು ಹಂಚುವುದು ಅಮೆರಿಕದ ಮುಖ್ಯ ಕಂಪನಿಯಲ್ಲ, ಸ್ವತಂತ್ರವಾದ ಬೇರೊಂದು ವಿತರಣಾ ಸಂಸ್ಥೆ. ಹಾಗಾಗಿ ದೇಶದ ಬೇರೆ ಭಾಗದವರು ಹೇಳುವ ಡೀಲರ್ ಅಸಲನ್ನು (ಕಾರಿಗೆ ಡೀಲರ್ ತೆತ್ತ ಬೆಲೆಯನ್ನು) ಇಲ್ಲಿ ಹಾಗೇ ಹಿಡಿದುಕೊಂಡು ವಾದಿಸಿದರೆ ಲೆಕ್ಕ ಕೂಡುವುದಿಲ್ಲ. ಕೆಲವು ಕಾರುಗಳಿಗೆ ಈ ಚೀಟಿಯ ಪಕ್ಕದಲ್ಲಿ ಎರಡನೆಯದೊಂದು ಚೀಟಿ ಇರುತ್ತದೆ: ಟೈರಿಗೆ ನೈಟ್ರೋಜನ್, ಬಣ್ಣಕ್ಕೆ ರಕ್ಷಣಾ ಲೇಪ, ಗಾಜಿನ ಮೇಲೆ ಕಾರಿನ ಗುರುತಿನ ಸಂಖ್ಯೆಯ ಕೆತ್ತನೆ ಇತ್ಯಾದಿ. ಮೊದಲನೆಯದು ಕಾನೂನಿನದು, ಎರಡನೆಯದು ಡೀಲರನ ಆಸೆಯದು. ನಾನು ಎರಡನೆಯದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಚೌಕಾಸಿಯೆಂದರೆ ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಮಾಡುವಂತೆ "ಬೇಡ ಬಿಡಿ" ಎಂದು ಎದ್ದು ಬಾಗಿಲವರೆಗೆ ಹೋಗಿ ಹಿಂದಿನಿಂದ ಕರೆಯುವುದನ್ನು ಕಾಯುವುದು ಎಂದೇ ನಮ್ಮಲ್ಲಿ ಅನೇಕರ ಭಾವನೆ. ಕಾರಿನ ಶೋರೂಮಿನಲ್ಲಿ ಆ ಆಟ ಆಡಲು ಕೂತರೆ ಎದುರಿಗಿರುವವರು ದಿನವಿಡೀ ಅದನ್ನೇ ಮಾಡುವವರು. ಕಾರಿನ ಬೆಲೆ, ಹಳೆಯ ಕಾರಿನ ಬೆಲೆ, ಮುಂಗಡ, ತಿಂಗಳ ಕಂತು ಎಂಬ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆದು, ಒಂದರಲ್ಲಿ ಬಿಟ್ಟುಕೊಟ್ಟದ್ದನ್ನು ಇನ್ನೊಂದರಲ್ಲಿ ವಸೂಲು ಮಾಡುವ ಕಲೆ ಅವರಿಗೆ ಕರಗತ. ಹಾಗಾಗಿ ನಾನು ಕುಳಿತು ಮಾತಾಡುವುದನ್ನೇ ಬಿಟ್ಟು, ಎಲ್ಲವನ್ನೂ ಇಮೇಲಿನಲ್ಲಿ, ಒಂದೇ ಒಂದು ಅಂಕಿಯ ಸುತ್ತ ನಡೆಸಿದೆ. ನಮ್ಮೂರಿನಲ್ಲಿ ಆನ್-ರೋಡ್ ಬೆಲೆ ಎನ್ನುತ್ತೇವಲ್ಲ, ಅದಕ್ಕೆ ಸಮನಾದದ್ದು ಇಲ್ಲಿ ಔಟ್-ದ-ಡೋರ್ ಬೆಲೆ: ತೆರಿಗೆ, ನೋಂದಣಿ, ಕಾಗದಪತ್ರದ ಶುಲ್ಕ ಎಲ್ಲ ಸೇರಿ ಕೀಲಿ ಕೈಗೆ ಬರುವಾಗ ಕೊಡಬೇಕಾದ ಒಟ್ಟು ಮೊತ್ತ.

ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್, ಕನೆಕ್ಟಿಕಟ್ ಮತ್ತು ನ್ಯೂ ಹ್ಯಾಂಪ್‌ಶೈರಿನ ಹಲವು ಡೀಲರುಗಳ ಮಾರಾಟ ವ್ಯವಸ್ಥಾಪಕರಿಗೆ ಒಂದೇ ಒಕ್ಕಣೆಯ ಪತ್ರ ಬರೆದೆ. ದರ್ಜೆ, ಗೇರು, ಒಪ್ಪಬಹುದಾದ ಎರಡು ಬಣ್ಣಗಳು, ನನ್ನ ಪಿನ್‌ಕೋಡ್ ತಿಳಿಸಿ, ಡೀಲರ್ ಸೇರಿಸುವ ಬಿಡಿಭಾಗಗಳು ಬೇಡವೆಂದು ಹೇಳಿ, ಪ್ರತಿ ಶುಲ್ಕವನ್ನೂ ಬಿಡಿಬಿಡಿಯಾಗಿ ತೋರಿಸಿದ ಔಟ್-ದ-ಡೋರ್ ಬೆಲೆಯನ್ನೂ ಆ ಕಾರಿನ ಕಿಟಕಿ ಚೀಟಿಯ ಚಿತ್ರವನ್ನೂ ಕಳಿಸಬೇಕೆಂದು ಕೋರಿದೆ. ಕೆಲವರು "ಒಮ್ಮೆ ಬನ್ನಿ, ಕೂತು ಮಾತಾಡೋಣ" ಎಂದಷ್ಟೇ ಉತ್ತರಿಸಿದರು. ಇನ್ನು ಕೆಲವರು ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಎಂದು ಕೇಳಿದರು. ಅವರಿಗೆಲ್ಲ ವಿನಯದಿಂದ ಧನ್ಯವಾದ ಹೇಳಿ ಬಿಟ್ಟೆ. ಅಂಕಿಗಳನ್ನು ಸ್ಪಷ್ಟವಾಗಿ ಬರೆದು ಕಳಿಸಿದವರು ಕೆಲವರೇ ಆದರೂ ಚೌಕಾಸಿಗೆ ಅಷ್ಟೇ ಸಾಕು, ಏಕೆಂದರೆ ಒಬ್ಬರ ಲಿಖಿತ ಬೆಲೆ ಇನ್ನೊಬ್ಬರ ಮುಂದೆ ಇಡಲು ಬರುತ್ತದೆ. ಟೆಸ್ಟ್ ಡ್ರೈವ್ ಕೊಟ್ಟವರಿಗೆ ಮಾತು ಕೊಟ್ಟಂತೆ ಮೊದಲು ಬರೆದಿದ್ದೆ. ಎಲ್ಲರಿಗಿಂತ ಕಡಿಮೆ ಬಂದ ಬೆಲೆಯನ್ನೂ ಮೊದಲು ಅವರಿಗೇ ತೋರಿಸಿದೆ.

ನ್ಯೂ ಹ್ಯಾಂಪ್‌ಶೈರಿನಲ್ಲಿ ಮಾರಾಟ ತೆರಿಗೆ ಇಲ್ಲವಲ್ಲ, ಅಲ್ಲೇ ಕೊಂಡರೆ ಉಳಿತಾಯವಲ್ಲವೆ ಎಂದು ಗೆಳೆಯರು ಕೇಳುವುದುಂಟು. ಉಳಿತಾಯವಾಗುವುದಿಲ್ಲ. ಕಾರನ್ನು ನೋಂದಾಯಿಸುವುದು ಮ್ಯಾಸಚೂಸೆಟ್ಸ್‌ನಲ್ಲಾದರೆ ಇಲ್ಲಿನ ಶೇ. 6.25 ತೆರಿಗೆಯನ್ನು ನೋಂದಣಿಯ ವೇಳೆ ಕಟ್ಟಲೇಬೇಕು. 34,000 ಡಾಲರಿನ ಕಾರಿಗೆ ಅದು 2,125 ಡಾಲರ್. ಅಲ್ಲಿನ ಡೀಲರ್ ಕಳಿಸಿದ ಬೆಲೆಯಲ್ಲಿ ಈ ಸಾಲು ಇಲ್ಲದಿದ್ದರೆ ಅದನ್ನು ನಾವೇ ಸೇರಿಸಿಕೊಂಡು ಹೋಲಿಸಬೇಕು. ಕಾಗದಪತ್ರದ ಶುಲ್ಕದ ಕಥೆ ಇನ್ನೊಂದು: ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ 85 ಡಾಲರಿನ ಕಾನೂನು ಮಿತಿಯಿದೆ, ನ್ಯೂಯಾರ್ಕಿನಲ್ಲಿ 175ರ ಮಿತಿಯಿದೆ, ನಮ್ಮಲ್ಲಿ ಅಂಥದ್ದಿಲ್ಲ. ಅದನ್ನು ತೆಗೆಯಲು ಯಾರೂ ಒಪ್ಪುವುದಿಲ್ಲ, ಎಲ್ಲರಿಂದಲೂ ಒಂದೇ ಮೊತ್ತ ಪಡೆಯಬೇಕೆಂಬ ಕಾರಣ ಕೊಡುತ್ತಾರೆ. ಆ ಸಾಲಿನ ಮೇಲೆ ಜಗಳವಾಡದೆ ಕಾರಿನ ಬೆಲೆಯಲ್ಲೇ ಅಷ್ಟನ್ನು ಇಳಿಸಿ ಎಂದರೆ ಅವರಿಗೂ ಮುಜುಗರವಿಲ್ಲ, ನಮಗೂ ನಷ್ಟವಿಲ್ಲ.

ಹಳೆಯ ಕಾರನ್ನು ಮಾತುಕತೆಯಿಂದ ಪೂರ್ತಿ ಹೊರಗಿಟ್ಟಿದ್ದೆ. ಹೊಸ ಕಾರಿನ ಅಂಕಿ ನಿಂತ ಮೇಲಷ್ಟೇ ಅದರ ಮಾತೆತ್ತಿದೆ, ಅದೂ ಹಳೆಯ ಕಾರುಗಳನ್ನು ನೇರವಾಗಿ ಕೊಳ್ಳುವ ಸಂಸ್ಥೆಗಳಿಂದ ಲಿಖಿತ ಬೆಲೆ ಪಡೆದ ಮೇಲೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೆಂದರೆ, ಮ್ಯಾಸಚೂಸೆಟ್ಸ್‌ನಲ್ಲಿ ಹಳೆಯ ಕಾರನ್ನು ಅದೇ ಡೀಲರಿಗೆ ಕೊಟ್ಟರೆ ಅದರ ಬೆಲೆಯನ್ನು ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ. ಹಳೆಯ ಕಾರು 8,000 ಡಾಲರಿನದಾದರೆ ತೆರಿಗೆಯಲ್ಲಿ 500 ಡಾಲರ್ ಉಳಿಯುತ್ತದೆ; ಆದ್ದರಿಂದ ಹೊರಗಿನವರು ಡೀಲರಿಗಿಂತ 500ಕ್ಕೂ ಹೆಚ್ಚು ಕೊಟ್ಟರೆ ಮಾತ್ರ ಅವರಿಗೆ ಮಾರುವುದರಲ್ಲಿ ಅರ್ಥವಿದೆ.

ಡಿಸೆಂಬರಿನ ಕೊನೆಯ ವಾರ, ಅಂಗಳದಲ್ಲಿ ಮುಂದಿನ ವರ್ಷದ ಮಾದರಿಗಳು ಬಂದು ನಿಲ್ಲುವ ಕಾಲ. 2024ರ ಕಾರನ್ನು ಸಾಗಹಾಕುವ ಆತುರ ಡೀಲರಿಗಿತ್ತು, ನನಗೆ ಬಣ್ಣದ ಹಟವಿರಲಿಲ್ಲ. ಕಿಟಕಿ ಚೀಟಿಯಲ್ಲಿ ಸುಮಾರು 36,000 ಡಾಲರ್ ಇದ್ದ ಕಾರು ಹೀಗೆ ತೆರಿಗೆಗೆ ಮುಂಚೆ 34,000ದ ಹತ್ತಿರ ನಿಂತಿತು. ಇನ್ನೂ ಕೆಲವು ನೂರು ಇಳಿಸಬಹುದಿತ್ತೇನೋ. ಆದರೆ ಆ ಹಂತದಲ್ಲಿ ನನಗೆ ಹಣಕ್ಕಿಂತ ಮುಖ್ಯವೆನಿಸಿದ ಷರತ್ತು ಬೇರೆಯಿತ್ತು. ಇಂಥ ಕಾರನ್ನು ಓಡಿಸಿ ನೋಡಲು ಬರುವವರೆಲ್ಲ ಕೊಳ್ಳಲು ಬರುವವರಲ್ಲ. ಸುಬಾರುವಿನ ಕೈಪಿಡಿ ಮೊದಲ 1,000 ಮೈಲಿ ಎಂಜಿನ್ನನ್ನು ನಿಮಿಷಕ್ಕೆ 4,000 ಸುತ್ತು ದಾಟಿಸಬಾರದೆನ್ನುತ್ತದೆ, ಶೋರೂಮಿಗೆ ಬರುವ ಹುಡುಗರು ತಣ್ಣನೆಯ ಎಂಜಿನ್ನನ್ನೇ ಕೆಂಪು ಗೆರೆಯವರೆಗೆ ಎಳೆಯುತ್ತಾರೆ, ಕ್ಲಚ್ ಅಭ್ಯಾಸವಿಲ್ಲದವರು ಅದನ್ನು ಸುಡುತ್ತಾರೆ. ಆದ್ದರಿಂದ ಟೆಸ್ಟ್ ಡ್ರೈವಿಗೆ ಬಳಸದ ಕಾರು, ಒಪ್ಪಿಸುವಾಗ ಓಡೋಮೀಟರ್ 20 ಮೈಲಿ ದಾಟಿರಬಾರದು ಎಂದು ಒಪ್ಪಂದದಲ್ಲೇ ಬರೆಸಿಕೊಂಡೆ. ವ್ಯವಸ್ಥಾಪಕರು ನಕ್ಕರು, ಆದರೆ ಬರೆದುಕೊಟ್ಟರು.

ಬೆಲೆ ಕುದುರಿದ ಮೇಲೆ ಸಹಿಗೆಂದು ಕೂರಿಸುವ ಫೈನಾನ್ಸ್ ಕೋಣೆಯಲ್ಲಿ ಚೌಕಾಸಿಯ ಎರಡನೆಯ ಸುತ್ತು ಇರುತ್ತದೆ. ಡೀಲರ್ ಮೂಲಕ ಕೊಡಿಸುವ ಸಾಲದಲ್ಲಿ ಬ್ಯಾಂಕಿನ ದರದ ಮೇಲೆ ತಮ್ಮ ಪಾಲನ್ನು ಸೇರಿಸಿಕೊಳ್ಳುವ ಅವಕಾಶ ಅವರಿಗಿದೆ. 30,000 ಡಾಲರಿನ ಐದು ವರ್ಷದ ಸಾಲಕ್ಕೆ ಶೇ. 6ರ ಬದಲು ಶೇ. 7 ಆದರೆ ತಿಂಗಳಿಗೆ ಹೆಚ್ಚಾಗುವುದು 14 ಡಾಲರ್ ಮಾತ್ರ, ಕೇಳಲು ಏನೂ ಅಲ್ಲ. ಕೊನೆಗೆ ಸುಮಾರು 840 ಡಾಲರ್ ಹೋಗಿರುತ್ತದೆ. ನಮ್ಮ ಕ್ರೆಡಿಟ್ ಯೂನಿಯನ್ನಿನಿಂದ (ಸದಸ್ಯರ ಸಹಕಾರಿ ಬ್ಯಾಂಕಿನಂಥದ್ದು) ಸಾಲದ ಮಂಜೂರಾತಿ ಪತ್ರವನ್ನು ಮೊದಲೇ ತಂದಿದ್ದೆ, ಅದಕ್ಕಿಂತ ಕಡಿಮೆ ದರ ಕೊಡುವಿರಾದರೆ ನೋಡೋಣ ಎಂದೆ. ಆಮೇಲೆ ಪರದೆಯ ಮೇಲೆ ಒಂದೊಂದಾಗಿ ಬಂದವು ವಿಸ್ತರಿಸಿದ ವಾರಂಟಿ, ಟೈರು-ಚಕ್ರದ ವಿಮೆ, ಬಣ್ಣದ ರಕ್ಷಣೆ. ಎಂಜಿನ್ ಮತ್ತು ಗೇರುಪೆಟ್ಟಿಗೆಗೆ ಐದು ವರ್ಷ ಅಥವಾ 60,000 ಮೈಲಿಯ ವಾರಂಟಿ ಇದ್ದೇ ಇದೆ. ಸುಬಾರುವಿನದೇ ವಿಸ್ತರಿತ ವಾರಂಟಿ ಬೇಕೆನಿಸಿದರೆ ಇಡೀ ಕಾರಿಗಿರುವ ಮೂಲ ವಾರಂಟಿ ಮುಗಿಯುವ ಮೊದಲು ಬೇರೆ ಡೀಲರುಗಳನ್ನೂ ವಿಚಾರಿಸಿ ಕೊಳ್ಳಬಹುದು. ಪ್ರತಿಯೊಂದಕ್ಕೂ ಕಾರಣ ಕೊಡಲು ಹೋದರೆ ಆ ಕಾರಣಕ್ಕೊಂದು ಉತ್ತರ ಸಿದ್ಧವಿರುತ್ತದೆ. "ಬೇಡ, ಧನ್ಯವಾದ" ಎಂಬುದಕ್ಕೆ ಉತ್ತರವಿರುವುದಿಲ್ಲ. ಒಪ್ಪಂದದ ಕೊನೆಯ ಮೊತ್ತವನ್ನು ಇಮೇಲಿನ ಮೊತ್ತದೊಡನೆ ಸಾಲು ಸಾಲಾಗಿ ತಾಳೆ ನೋಡಿ ಸಹಿ ಹಾಕಿದೆ.

ಕಾರನ್ನು ಹಗಲು ಬೆಳಕಿನಲ್ಲೇ ಒಪ್ಪಿಸಿಕೊಂಡೆ. ಓಡೋಮೀಟರ್, ಬಾಗಿಲ ಚೌಕಟ್ಟಿನ ಮೇಲಿನ ತಯಾರಿಕೆಯ ತಿಂಗಳು, ಬಂಪರಿನ ಅಂಚುಗಳು, ಬೀಗದ ಚಕ್ರನಟ್ಟುಗಳ ಕೀಲಿ ಇವನ್ನು ನೋಡಿಕೊಂಡದ್ದಾಯಿತು. ನೋಂದಣಿಯಾದ ಏಳು ದಿನದೊಳಗೆ ರಾಜ್ಯದ ಸುರಕ್ಷತಾ ತಪಾಸಣೆ ಮಾಡಿಸಬೇಕು, ಅದೂ ಮುಗಿಯಿತು.

ಬಜೆಟ್ಟಿನಲ್ಲಿ ಮೊದಲೇ ಎತ್ತಿಟ್ಟಿದ್ದ ಇನ್ನೊಂದು ಮೊತ್ತ ಟೈರುಗಳದ್ದು. ಪ್ರೀಮಿಯಂ ದರ್ಜೆ ಬರುವುದು 18 ಅಂಗುಲದ ಬೇಸಿಗೆ ಟೈರುಗಳೊಂದಿಗೆ. ಸುಮಾರು 7 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗೆ ಅವುಗಳ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ, ಹಿಮದ ಮೇಲಂತೂ ಹೇಳುವುದೇ ಬೇಡ. ಆಲ್ ವೀಲ್ ಡ್ರೈವ್ ನಿಂತ ಕಾರನ್ನು ಹೊರಡಿಸುತ್ತದೆ, ಓಡುವ ಕಾರನ್ನು ನಿಲ್ಲಿಸುವುದಿಲ್ಲ, ನಿಲ್ಲಿಸುವುದು ಟೈರು. ಡೀಲರ್ ಹೇಳಿದ ಬೆಲೆ ದುಬಾರಿಯೆನಿಸಿದ್ದರಿಂದ, 17 ಅಂಗುಲದ ರಿಮ್ಮು ಈ ದರ್ಜೆಯ ಬ್ರೇಕುಗಳ ಮೇಲೆ ಕೂರುತ್ತದೆಂದು ಖಚಿತ ಮಾಡಿಕೊಂಡು, ಟೈರಿನ ಅಂಗಡಿಯಲ್ಲಿ ಚಳಿಗಾಲದ ನಾಲ್ಕು ಟೈರುಗಳನ್ನು ರಿಮ್ಮಿನ ಸಮೇತ ಕೊಂಡೆ. ನಾಲ್ಕೂ ಒಂದೇ ಬ್ರ್ಯಾಂಡಿನವು, ಒಂದೇ ಅಳತೆಯವು, ಒಂದೇ ಸವೆತದವು ಆಗಿರಬೇಕಾದದ್ದು ಈ ಕಾರಿನ ನಿಯಮ: ಟೈರುಗಳ ಸುತ್ತಳತೆಯಲ್ಲಿ ಕಾಲು ಅಂಗುಲಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ನಡುವಿನ ಡಿಫರೆನ್ಷಿಯಲ್ ಸದಾ ದುಡಿಯುತ್ತಲೇ ಇರಬೇಕಾಗುತ್ತದೆ. ಒಂದು ಟೈರಿನ ಪಕ್ಕ ಹರಿದರೆ ನಾಲ್ಕನ್ನೂ ಬದಲಿಸಬೇಕಾದೀತು, ಇಲ್ಲವೆ ಹೊಸ ಟೈರನ್ನು ಉಳಿದವುಗಳ ಮಟ್ಟಕ್ಕೆ ಹೆರೆಸಬೇಕಾದೀತು. ಟೈರು-ಚಕ್ರದ ವಿಮೆಯನ್ನು ಫೈನಾನ್ಸ್ ಕೋಣೆಯಲ್ಲಿ ನಿರಾಕರಿಸುವಾಗ ಇದು ಗೊತ್ತಿತ್ತು. ಅವರು ಕೇಳಿದ ಮೊತ್ತಕ್ಕೆ ಚಳಿಗಾಲದ ಟೈರುಗಳ ಖರ್ಚಿನ ಹೆಚ್ಚಿನ ಭಾಗವೇ ಹೊರಟುಹೋಗುತ್ತಿತ್ತು.